ಎರಡೂ ಒಂದೇ ಉತ್ತರ ಕೊಟ್ಟ ಪಟ್ಟಿ

ಆಗ ನನಗೆ ಅರವತ್ತೆರಡು ವರ್ಷ. ಹದಿನಾರು ವರ್ಷದ ಹಿಂದಿನ ಮಾತು. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಕೆಲಸದ ಮೂವರು ಕನ್ನಡದ ಹುಡುಗಿಯರಿಗೆ ಅಡುಗೆ ಮಾಡಿ ಹಾಕುತ್ತಿದ್ದೆ. ಇದ್ದದ್ದೂ ಅಲ್ಲೇ. ನಾನು ಕಾಸರಗೋಡಿನ ಕಡೆಯವಳು. ಮೂರನೇ ಕ್ಲಾಸಿಗೆ ಶಾಲೆ ಮುಗಿಯಿತು. ಕನ್ನಡ ಕೂಡಿಸಿ ಓದುತ್ತೇನೆ, ಮಲಯಾಳ ಮಾತಾಡುತ್ತೇನೆ, ಇಂಗ್ಲಿಷು ಬಾರದು.

ಮೂವರಲ್ಲಿ ಧಾರವಾಡ ಕಡೆಯವಳಿಗೆ ಆ ವರ್ಷ ಆಫೀಸಿನಲ್ಲಿ ಕೆಲಸವಿರಲಿಲ್ಲ. ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದಕ್ಕೆ ಅವರು ಬೆಂಚು ಎನ್ನುತ್ತಿದ್ದರು. ಅವಳ ಆಫೀಸಿನಲ್ಲಿ ಹಾಗೆ ಬೆಂಚಿನಲ್ಲಿದ್ದ ಬೇರೆ ಇಬ್ಬರನ್ನು ಆಗಲೇ ಕೆಲಸದಿಂದ ತೆಗೆದು ಊರಿಗೆ ಕಳಿಸಿಯಾಗಿತ್ತು. ಮೂರನೇ ತಿಂಗಳಿಗೆ ಇವಳಿಗೊಂದು ಕೆಲಸ ಸಿಕ್ಕಿತು. ತಿರುವನಂತಪುರದ ಯಾವುದೋ ಆಸ್ಪತ್ರೆಗೆ ಕೊಚ್ಚಿಯಲ್ಲೂ ಶಾಖೆ ಇತ್ತು. ಎರಡು ಕಡೆಯ ರೋಗಿಗಳ ಪಟ್ಟಿ ಸೇರಿಸಿ, ಎರಡೆರಡು ಸಲ ಹೆಸರು ಬಂದವರನ್ನು ಒಂದೇ ಮಾಡಬೇಕು. ಅದನ್ನು ಆಫೀಸಿನವರು ವರ್ಷಗಳಿಂದ ಬಳಸುವ ಡೇಟಾಬೇಸಿನಲ್ಲೂ ಮಾಡಬೇಕು, ಹೊಸದಾಗಿ ಬಂದ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲೂ ಮಾಡಬೇಕು. ಯಾವುದು ಮೇಲು ಎಂದು ತಿರುವನಂತಪುರದಲ್ಲಿರುವ ಅವಳ ಕಂಪನಿಯ ದೊಡ್ಡ ಸಾಹೇಬರಿಗೆ ಹೇಳಬೇಕು. ಹೇಳಿದ್ದು ಹಿಡಿಸಿದರೆ ಇವಳ ಕೆಲಸ ಉಳಿಯುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಹೊಸದು ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಪಾತ್ರೆ ತಿಕ್ಕುವ ಪುಡಿ ಮಾರುವವನೂ ಬಾಗಿಲಲ್ಲಿ ನಿಂತು ಇದೇ ಮಾತು ಹೇಳುತ್ತಾನೆ, ಹಳೆಯದು ಬೇಡ, ಇದು ಬೇಗ ಎಂದು.

"ಹಳೇದು ಪಟ್ಟಿನ ಅಲ್ಲೇ ತಿದ್ದತದರಿ ಅಜ್ಜಿ," ಅಂದಳು ಹುಡುಗಿ. "ಹೊಸಾದು ಕೊಟ್ಟ ಪಟ್ಟಿ ಮುಟ್ಟೂದೇ ಇಲ್ಲ. ಒಂದೊಂದು ಕೆಲಸಕ್ಕ ಬ್ಯಾರೆ ಪಟ್ಟಿ ಮಾಡಿ ಕೊಡತದ. ಗಿರಣಿ ಇದ್ದಂಗ. ಅಕ್ಕಿ ಹಾಕಿದ್ರ ಹಿಟ್ಟು."

"ಹಿಟ್ಟೂ ಬಂತು, ಅಕ್ಕಿಯೂ ಹಾಗೇ ಉಂಟಾ?"

"ಹೌದ್ರಿ."

"ಅಂಥ ಗಿರಣಿ ಎಲ್ಲುಂಟು ಹೇಳು. ರೇಷನ್ ಅಂಗಡಿಗೆ ಹೋಗುವುದು ತಪ್ಪುತ್ತದೆ."

ಅವಳು ನಕ್ಕಳು. "ಹಳೇದ್ರಾಗ ನಾಕು ಪುಟ ಬರದಿದ್ದು ಇದ್ರಾಗ ಅರ್ಧ ಪುಟಕ್ಕ ಮುಗೀತರಿ."

"ಉಳಿದ ಮೂರೂವರೆ ಪುಟದಲ್ಲಿ ಎಂತ ಇತ್ತು? ಅದೆಲ್ಲಿ ಹೋಯಿತು?"

ಅದಕ್ಕೆ ಅವಳು ಕೊಟ್ಟ ಉತ್ತರ ನನಗೆ ಅರ್ಥವಾಗಲಿಲ್ಲ.

ತಿರುವನಂತಪುರಕ್ಕೆ ಹೋಗುವ ಹಿಂದಿನ ದಿನ ಮಧ್ಯಾಹ್ನವೇ ಮನೆಗೆ ಬಂದಳು. ಮುಖ ಅರಳಿತ್ತು. ನಾನು ಅಲಸಂಡೆ ಹೆಚ್ಚುತ್ತಿದ್ದೆ.

"ಎರಡೂ ಒಂದ ಉತ್ತರ ಕೊಟ್ಟಾವರಿ. ಒಂದು ಹೆಸರೂ ಫರಕಿಲ್ಲ."

"ಇಬ್ಬರಿಗೂ ಹೇಳಿಕೊಟ್ಟವಳು ನೀನೇ ಅಲ್ಲವಾ? ಮತ್ತೆ ಬೇರೆ ಉತ್ತರ ಹೇಗೆ ಕೊಡುವುದು? ಯಾರನ್ನೆಲ್ಲ ಒಂದು ಮಾಡಿದಿ, ಓದು ನೋಡುವ."

ಬೇಜಾರಿನಲ್ಲೇ ಕಾಗದ ತೆಗೆದು ಓದಿದಳು. ಹೆಸರು, ಹುಟ್ಟಿದ ತಾರೀಕು. ಒಬ್ಬಳು ಹೆಂಗಸು, ಜೂನ್ ಒಂದು. ಮತ್ತೊಬ್ಬಳು, ಜೂನ್ ಒಂದು. ಒಬ್ಬ ಗಂಡಸು, ಅವನದೂ ಜೂನ್ ಒಂದು. ಪುಟ ತಿರುಗಿಸಿದಳು, ಅಲ್ಲೂ ಅದೇ. ನಾನು ಚೂರಿ ಕೆಳಗಿಟ್ಟೆ.

"ಇವರು ಒಬ್ಬರೇ ಅಂತ ನಿನಗೆ ಯಾರು ಹೇಳಿದ್ದು?"

"ಹೆಸರು ಒಂದ, ಹುಟ್ಟಿದ ತಾರೀಕು, ವರ್ಷ ಎಲ್ಲಾ ಒಂದ. ಮತ್ತೇನ್ ಬೇಕ್ರಿ?"

"ನಂದೂ ಜೂನ್ ಒಂದೇ ಮಾರಾಯ್ತಿ. ನನ್ನ ಜೊತೆ ಶಾಲೆಗೆ ಸೇರಿದ ಏಳು ಹುಡುಗಿಯರದ್ದೂ ಅದೇ. ಹೆತ್ತವರಿಗೆ ತಾರೀಕು ಗೊತ್ತಿರಲಿಲ್ಲ. ಮಾಸ್ಟ್ರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಂಡರು. ಆ ಏಳರಲ್ಲಿ ಮೂವರದು ಒಂದೇ ಹೆಸರು. ಅವರ ಮೂರು ಗಂಡಂದಿರನ್ನೂ ಒಬ್ಬನನ್ನೇ ಮಾಡುತ್ತೀಯಾ?"

ಹುಡುಗಿ ಕಾಗದವನ್ನು ಮೊದಲಿನಿಂದ ಮತ್ತೆ ನೋಡಿದಳು. ಆಮೇಲೆ, "ನಮ್ಮ ಅಜ್ಜಿದೂ ಜೂನ್ ಒಂದರಿ," ಅಂದಳು.

ಒಬ್ಬಳ ಸಕ್ಕರೆ ಕಾಯಿಲೆ ಇನ್ನೊಬ್ಬಳ ಕಾಗದಕ್ಕೆ ಹೋದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿರಲಿಲ್ಲ. ಆದರೂ ಅವಳು ಸುಲಭಕ್ಕೆ ಒಪ್ಪಲಿಲ್ಲ. "ಸಾಹೇಬರು ಕೇಳಿದ್ದು ಯಾವುದು ಛಲೋ ಅಂತ ಅಷ್ಟ. ನಾ ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ. ನಿಮಗೇನ್ರಿ ಅಜ್ಜಿ, ಕೆಲಸ ಹೋಗೂದು ನಂದು."

"ಹೌದು, ನಿಂದೇ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು," ಅಂದೆ. ಸಮಾಧಾನ ಮಾಡಲು ಹೋಗಲಿಲ್ಲ.

ಮರುದಿನ ಬೆಳಗಿನ ರೈಲಿಗೆ ನನ್ನನ್ನೂ ಎಳೆದುಕೊಂಡು ಹೋದಳು, ಒಬ್ಬಳೇ ಹೋಗಲಾರೆ ಎಂದು. ಸಾಹೇಬರಿಗೆ ಏನು ಹೇಳುತ್ತಾಳೆಂದು ದಾರಿಯುದ್ದಕ್ಕೂ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಿರುವನಂತಪುರದ ಆಫೀಸಿನ ಗೇಟಿನವನು ನನ್ನನ್ನು ಒಳಗೆ ಬಿಡಲಿಲ್ಲ. ಮೂರು ಗಂಟೆ ಅವನ ಕುರ್ಚಿಯ ಪಕ್ಕ ನೆರಳಲ್ಲಿ ಕೂತಿದ್ದೆ.

ಹೊರಗೆ ಬಂದವಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಎಲ್ಲ ಹೇಳಿಬಿಟ್ಟಿದ್ದಳಂತೆ. ಸಾಹೇಬರು, ಯಾವುದು ಮೇಲು ಎಂದು ಕೇಳಿದರೆ ಎರಡೂ ತಪ್ಪು ಎಂದು ಬಂದಿದ್ದೀಯಲ್ಲ ಎಂದು ರೇಗಿದರಂತೆ. ಡೇಟಾಬೇಸು ಪಟ್ಟಿಯನ್ನು ಅಲ್ಲೇ ತಿದ್ದಿದ್ದರಿಂದ ಇವಳು ಒಂದು ಮಾಡಿದವರ ಮೊದಲಿನ ವಿವರ ಕಳೆದೇ ಹೋಗಿತ್ತು, ಆಸ್ಪತ್ರೆಯಿಂದ ಪಟ್ಟಿ ಮತ್ತೆ ತರಿಸಬೇಕಿತ್ತು. ಹೊಸದರಲ್ಲಿ ಒಂದೊಂದು ಹಂತದ ಪಟ್ಟಿಯೂ ಹಾಗೇ ಕೂತಿತ್ತು. ಜೂನ್ ಒಂದರವರನ್ನು ಅಲ್ಲೇ ಬೇರೆ ಮಾಡಿ ತೋರಿಸಿದಳಂತೆ. ಅದೊಂದು ಗುಣ ಹೊಸದರಲ್ಲಿದೆ ಎಂದು ನಾನೂ ಒಪ್ಪಿದೆ. ನಂಬಿದೆ ಎಂದಲ್ಲ. ತಪ್ಪನ್ನು ಅದೂ ಹಳೆಯದರಷ್ಟೇ ಚೆನ್ನಾಗಿ ಮಾಡಿತ್ತು.

"ಆ ಮಂದಿಗೆಲ್ಲಾ ಫೋನ್ ಮಾಡಿ, ಯಾರು ಒಬ್ರು, ಯಾರು ಇಬ್ರು ಅಂತ ಸೋಮವಾರದೊಳಗ ತಂದು ಕೊಡು, ಆಮ್ಯಾಲೆ ನಿಂದು ನೋಡೋಣು ಅಂದಾರರಿ," ಅಂದಳು. ನಂಬರುಗಳನ್ನು ಆಸ್ಪತ್ರೆಯವರೇ ಕೊಟ್ಟಿದ್ದರು. ಅವಳ ಮಲಯಾಳವೋ, ಆಟೋದವನಿಗೆ ದಾರಿ ಹೇಳಲೂ ಸಾಲದು.

ಮರುದಿನ ಬೆಳಿಗ್ಗೆ ಎಂಟಕ್ಕೆ ದೋಸೆ ಕೆಲಸ ಮುಗಿಸಿ, ಕೈ ಒರೆಸಿಕೊಂಡು ಅವಳ ಫೋನು ತೆಗೆದುಕೊಂಡೆ. ಅವಳು ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಳು. ಮೊದಲ ನಂಬರಿಗೆ ಒಬ್ಬ ಮುದುಕಿ ಸಿಕ್ಕಿದಳು. ನಿಮ್ಮ ಹುಟ್ಟಿದ ದಿನ ಸರಿಯಾಗಿ ಯಾವುದು, ಕೊಚ್ಚಿಯ ಆಸ್ಪತ್ರೆಗೂ ಹೋಗಿದ್ದಿರಾ ಎಂದು ಮಲಯಾಳದಲ್ಲಿ ಕೇಳಿದೆ.

"ನೀನು ಯಾರು? ಅದೆಲ್ಲ ನಿನಗೆ ಯಾಕೆ?" ಎಂದು ಫೋನು ಇಟ್ಟಳು.

ನಾನಾಗಿದ್ದರೂ ಇಡುತ್ತಿದ್ದೆ. ಅದೇ ನಂಬರನ್ನು ಮತ್ತೆ ಒತ್ತಿದೆ.