ಪಂಕ್ಚರ್ ಬೋಗುಣಿಯ ನೀರು

ರಸ್ತೆಬದಿಯಲ್ಲಿ ಗಿಡ ನೆಡಿಸಿ, ಅವು ಬದುಕಿವೆಯೇ ಎಂದು ನೋಡುವುದು ನನ್ನ ಕೆಲಸ. ಕೆಲಗೇರಿ ಕಡೆಯ ಒಂದು ಪಂಕ್ಚರ್ ಅಂಗಡಿ ಮುಂದಿನ ದೊಡ್ಡ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಅದರ ನೆರಳಲ್ಲಿ ನಾನೂ ಎಷ್ಟೋ ಸಲ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ. ಬದಲಿ ಸಸಿ ತಂದಾಗ ಅಂಗಡಿಯ ಖಾದರ್ ಕಾಕಾ ಕೇಳಿದ್ದು ಎರಡೇ: ಬೇವೇ ಆಗಬೇಕು, ಹಳೆಯ ಜಾಗದಲ್ಲೇ ಆಗಬೇಕು. ಬೇವು ಕೊಟ್ಟೆ. ಜಾಗ ಕೊಡಲಾಗಲಿಲ್ಲ. ಅಲ್ಲಿ ಈಗ ಮೇಲೆ ಕರೆಂಟಿನ ತಂತಿ ಹಾದಿದೆ, ತಂತಿಯ ಕೆಳಗೆ ಎತ್ತರ ಬೆಳೆಯುವ ಮರ ನೆಡಬಾರದೆಂಬ ನಿಯಮವಿದೆ. ನಾಲ್ಕು ಹೆಜ್ಜೆ ಆಚೆ ನೆಡಿಸಿದೆ.

ತಿಂಗಳು ಬಿಟ್ಟು ಹೋದರೆ ಸಸಿ ಬಾಡಿತ್ತು. ನನಗೆ ಸಿಟ್ಟು ಬಂತು.

"ನೀರು ಹಾಕ್ತೇನಿ ಅಂದಿದ್ರಲ್ರಿ ಕಾಕಾ?"

"ದಿನಾ ಹಾಕಾಕತ್ತೇನ್ರಿ," ಎಂದ ಕಾಕಾ, ಟ್ಯೂಬು ಅದ್ದುವ ಬೋಗುಣಿ ಎತ್ತಿಕೊಂಡು ಹೋಗಿ ನೀರು ಚೆಲ್ಲಿದರು. ಚೆಲ್ಲಿದ್ದು ಹಳೆಯ ಮರವಿದ್ದ ಬರಿ ನೆಲಕ್ಕೆ.

"ಗಿಡ ಅಲ್ಲಿಲ್ರಿ, ಈ ಕಡಿ ಐತಿ."

ಖಾಲಿ ಬೋಗುಣಿ ಹಿಡಿದು ಅಲ್ಲೇ ನಿಂತರು. "ಮೂವತ್ತು ವರ್ಷ ಇಲ್ಲೇ ಅದರ ಬುಡಕ್ಕ ಚೆಲ್ಲೇನ್ರಿ. ಅದು ಇಲ್ಲ ಅಂತ ನನಗ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ."

ನಾನು ಸಸಿಯನ್ನು ಮಣ್ಣು ಸಮೇತ ಎತ್ತಿ, ತಂತಿಯ ಕೆಳಗೇ ನೆಟ್ಟೆ. ಈಗ ಚಿಗುರಿದೆ. ಅದು ತಂತಿ ಮುಟ್ಟುವಷ್ಟು ಬೆಳೆಯಲಿ, ನನ್ನ ಹೆಸರಿಗೊಂದು ನೋಟಿಸ್ ಬರಲಿ ಎಂದು ಕಾಯುತ್ತಿದ್ದೇನೆ.