ಕ್ಯಾರೆಟ್ ಮಾವ

ನಮ್ಮ ಬೀದಿಯ ತಿರುವಿನಲ್ಲಿದ್ದ ತರಕಾರಿಯವನನ್ನು ಮಕ್ಕಳೆಲ್ಲ ಕ್ಯಾರೆಟ್ ಮಾವ ಎಂದೇ ಕರೆಯುತ್ತಿದ್ದರು. ಯಾರು ಬದನೆಕಾಯಿ ಕೇಳಿದರೂ ಅವನ ಕೈ ಮೊದಲು ಹೋಗುತ್ತಿದ್ದುದು ಕ್ಯಾರೆಟ್ಟಿನ ಬುಟ್ಟಿಗೇ. ಕನ್ನಡಕದ ಮಗು ಕಂಡರೆ, “ತಗೋ ಮರಿ, ಕಚಕಚ ತಿನ್ನು, ಹಗಲಲ್ಲೇ ನಕ್ಷತ್ರ ಕಾಣ್ತವೆ” ಎನ್ನುತ್ತಿದ್ದ. ಕೂದಲು ಉದುರಿದ ದರ್ಜಿಗೂ ಅದೇ ಮದ್ದು. “ನಿನ್ನ ಬಾಯಿಗೂ ಅದನ್ನೇ ತುರುಕ್ಬೇಕು ಕಣಯ್ಯಾ” ಎಂದು ದರ್ಜಿ ರೇಗಿದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಅಂಗಡಿಯ ಒಳಗಡೆ ಅವನ ತಾಯಿ ಗೋಣಿಯ ಮೇಲೆ ಕೂತು, ಒಂದೊಂದೇ ಕ್ಯಾರೆಟ್ಟನ್ನು ಬೆರಳಲ್ಲಿ ಸವರಿ, ಮೆತ್ತಗಾದವನ್ನು ಬೇರೆ ಮಾಡುತ್ತಿದ್ದಳು. ಒಮ್ಮೆ ನನ್ನ ಕಣ್ಣು ಹೊಗೆ ಕವಿದಂತಾಗಿ, ದೀಪದ ಸುತ್ತ ಬಳೆಗಳು ಕಾಣತೊಡಗಿದವು. ಇವನನ್ನೇ ನಂಬಿ ಎರಡು ಕಿಲೋ ಕೇಳಿದೆ. ತಕ್ಕಡಿಗೆ ಹಾಕಿದ್ದನ್ನೆಲ್ಲ ಅವನು ಮತ್ತೆ ಬುಟ್ಟಿಗೆ ಸುರಿದ. “ಬೇಡ ಅಕ್ಕಾ. ಇದು ಚೆನ್ನಾಗಿರೋ ಕಣ್ಣನ್ನ ಕಾಯತ್ತೆ ಅಷ್ಟೇ, ಕೆಟ್ಟಿದ್ದನ್ನ ರಿಪೇರಿ ಮಾಡಲ್ಲ. ಇವತ್ತೇ ಡಾಕ್ಟ್ರ ಹತ್ರ ಹೋಗು. ಅಮ್ಮನಿಗೂ ಹೀಗೇ ಶುರುವಾಗಿತ್ತು. ನಾನು ಬರೀ ಇದನ್ನೇ ತಿನ್ನಿಸ್ತಾ ಕೂತೆ, ಕಣ್ಣೇ ಹೋಯ್ತು” ಎಂದ. ಆ ಅಂಗಡಿ ಹೋಗಿ ಎಷ್ಟೋ ಕಾಲವಾಯಿತು, ನಾನಿನ್ನೂ ಸೂಜಿಗೆ ದಾರ ಪೋಣಿಸುತ್ತೇನೆ. ಪೋಣಿಸುವಾಗೆಲ್ಲ, ಅವತ್ತು ಒಳಗಿನಿಂದ ಆ ತಾಯಿ ಮಗನಿಗೆ ಹೇಳಿದ್ದು ಕಿವಿಗೆ ಬರುತ್ತದೆ: “ರುಚಿಯಾಗಿತ್ತು ಬಿಡೋ ಮಗಾ, ನೀನು ಕೊಟ್ಟಿದ್ದು.”