ಬರದವರ ಬಾಗಿಲಿಗೆ ಫಾರಂ ಅಕ್ಕ

ಬೆಳಗಿನ ಆರು ಗಂಟೆ. ಕೆಲಸಕ್ಕೆ ಹೊರಟ ಹೊಲಿಗೆಯಾಕೆಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಫಾರಂ ಅಕ್ಕ ಕೇಳುತ್ತಿದ್ದಾರೆ: "ಹದಿನೈದು ದಿನದಲ್ಲಿ ಎಷ್ಟು ದಿನ ನಿದ್ದೆ ಬರ್ಲಿಲ್ಲ?"

"ಅವ್ಳಿಗೇನು, ಎಬ್ಬಿಸೋದೇ ಕಷ್ಟ!" ಎಂದು ಅತ್ತೆ ಬಾಯಿ ಹಾಕುತ್ತಾರೆ. ಕುಡಿಯಲು ನೀರು ಬೇಕೆಂದು ಅಕ್ಕ ಅವರನ್ನು ಒಳಗೆ ಸಾಗಹಾಕುತ್ತಾರೆ. ಆಗ ಸೊಸೆ ಪಿಸುಗುಡುತ್ತಾಳೆ: "ಎಂಟು." ಹೋದ ಸಲ ಹದಿಮೂರಿತ್ತು. ಅಕ್ಕ ಅದನ್ನು ನೆನಪಿಸುವುದಿಲ್ಲ. ನೆನಪಿಸಿದರೆ ಜನ ಇವರನ್ನು ಮೆಚ್ಚಿಸಲೆಂದೇ ಕಡಿಮೆ ಹೇಳಿಬಿಡುತ್ತಾರೆ.

ಇಲ್ಲಿನ ಪುಟ್ಟ ಆರೋಗ್ಯ ಕೇಂದ್ರದಲ್ಲಿ ಜ್ವರ, ಕೆಮ್ಮು ನೋಡುವ ಡಾಕ್ಟರ ಪಕ್ಕದಲ್ಲೇ ಆಪ್ತಸಮಾಲೋಚನೆಯ ಕೋಣೆಯಿದೆ. ಮನಸ್ಸು ಕುಗ್ಗಿದವರು ಆರು ವಾರ ಬಂದು ಸಮಾಲೋಚಕಿಯ ಮುಂದೆ ಮನಬಿಚ್ಚಿ ಮಾತಾಡುತ್ತಾರೆ. ಅದರಿಂದ ಗುಣವಾಯಿತೇ ಎಂದು ಮೂರು ತಿಂಗಳ ಮೇಲೆ ಒಂಬತ್ತು ಪ್ರಶ್ನೆ ಕೇಳಿ ಫಾರಂನಲ್ಲಿ ಬರೆದುಕೊಳ್ಳುವುದು ಅಕ್ಕನ ಕೆಲಸ. ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಎಂಟು ಬಾಗಿಲು ತಟ್ಟಿದರೆ ಎರಡು ತೆರೆದರೆ ಪುಣ್ಯ. "ಮೊದ್ಲು ವಿಮೆ ಮಾರೋಳು ಅಂತ ಓಡಿಸ್ತಿದ್ರು" ಎಂದು ನಗುತ್ತಾರೆ.

ಹೋದ ವರ್ಷ ಆ ಕೋಣೆಯ ನೆತ್ತಿಯ ಮೇಲೆ ಕತ್ತಿ ತೂಗಿತು. ಪ್ರಯೋಜನ ತೋರಿಸಿ, ಇಲ್ಲವಾದರೆ ಮುಚ್ಚುತ್ತೇವೆ ಎಂದರು ಮೇಲಿನವರು. ಕಾಗದದಲ್ಲೇನೋ ಮುನ್ನೂರರಲ್ಲಿ ಇನ್ನೂರ ನಲವತ್ತು ಮಂದಿಗೆ ಗುಣವಾಗಿತ್ತು. ಆದರೆ ಅವರಲ್ಲಿ ತೊಂಬತ್ತು ಮಂದಿ ನಡುವೆಯೇ ಬರುವುದು ಬಿಟ್ಟವರು. ಅವರನ್ನು ಕೇಳದೆಯೇ ಗುಣವಾದವರ ಸಾಲಿಗೆ ಸೇರಿಸಿದವರು ಬೇರೆ ಯಾರೂ ಅಲ್ಲ, ಅಕ್ಕನೇ. "ಬರ್ಲಿಲ್ಲ ಅಂದ್ರೆ ವಾಸಿಯಾಗಿರುತ್ತೆ ಅಂದ್ಕೊಂಡಿದ್ದೆ. ಎಂಥಾ ಪೆದ್ದಿ ನೋಡಿ!"

ಲೆಕ್ಕ ಮೇಲಕ್ಕೆ ಕಳಿಸುವ ಮುನ್ನ ಅಕ್ಕ ಆ ತೊಂಬತ್ತು ಮನೆಗೂ ಅಲೆದರು. ನಿಜವಾಗಿ ಚೇತರಿಸಿಕೊಂಡಿದ್ದವರು ಹದಿನೈದೇ ಮಂದಿ. ಲೆಕ್ಕ ನೂರ ಅರವತ್ತೈದಕ್ಕೆ ಇಳಿಯಿತು. ಕೂತ ಕೊಂಬೆಯನ್ನೇ ಕಡಿಯುತ್ತಿದ್ದೀರಿ ಎಂದು ಜೊತೆಯವರು ಮುನಿಸಿಕೊಂಡರು. ಸಮಾಲೋಚಕಿ ಮಾತ್ರ ಕಣ್ಣೊರೆಸಿಕೊಂಡು, "ಇದ್ದದ್ದೇ ಕಳಿಸಿ" ಎಂದರು. ಅಕ್ಕ ಕಳಿಸಿದರು. ಕೋಣೆ ತೆರೆಯುವ ಹನ್ನೊಂದು ಗಂಟೆಗೆ ಬರಲು ಕೂಲಿಯವರಿಗೆ ಆಗುವುದಿಲ್ಲ ಎಂಬುದನ್ನೂ ಸೇರಿಸಿ ಬರೆದರು.

ಆ ಲೆಕ್ಕವನ್ನೇ ಮೇಲಿನವರು ಒಪ್ಪಿದರು; ಕೋಣೆ ಉಳಿದಿದೆ. ಈಗ ಬೆಳಿಗ್ಗೆ ಏಳಕ್ಕೇ ತೆರೆಯುತ್ತದೆ. ಎರಡನೇ ವಾರಕ್ಕೇ ಬಿಟ್ಟು ಹೋಗಿದ್ದ ಕಾವಲುಗಾರರೊಬ್ಬರು ಅಲ್ಲಿ ಸರದಿಗೆ ಕಾದಿದ್ದಾರೆ. "ಬದುಕೋದೇ ಬೇಡ ಅನ್ಸಿತ್ತು ಸ್ವಾಮಿ. ಅಷ್ಟೊತ್ತಿಗೆ ಅಕ್ಕ ಬಾಗಿಲು ತಟ್ಟಿದ್ರು. ಅವ್ರ ಋಣ ತೀರ್ಸೋಕಾಗಲ್ಲ" ಎನ್ನುತ್ತಾರೆ.

ಹೊಗಳಿಕೆ ಕೇಳಿ ಅಕ್ಕನಿಗೆ ಮುಜುಗರ. "ಲೆಕ್ಕ ಕಮ್ಮಿಯಾಯ್ತು ಅಂತಾರೆ. ಆಗ್ಲಿ ಬಿಡಿ. ಆ ನೂರ ಅರವತ್ತೈದರಲ್ಲಿ ನಾನು ಮುಖ ನೋಡದೆ ಬರೆದವರು ಒಬ್ರೂ ಇಲ್ಲ."